ಸಿಕ್ಕ ವಸ್ತು, ಉಳಿದ ನೆನಪು

ವಾಚಕರೆ, ನಿಮ್ಮ ಮನೆಯ ಅಟ್ಟದ ಮೇಲೆ ಏನೇನಿದೆ ಎಂಬುದು ನಿಮಗೆ ನೆನಪಿದೆಯೆ? ಬುರುಡೆ ಒಡೆದ ಲಾಟೀನು, ಮೊಂಡಾದ ಅಡಕತ್ತರಿ, ಯಾವ ಬೀಗಕ್ಕೆ ಸೇರಿದ್ದೋ ತಿಳಿಯದ ಬೀಗದ ಕೈ, ಪಾವು ಚಟಾಕುಗಳ ಅಳತೆ, ತಳ ತುಕ್ಕು ಹಿಡಿದ ಟ್ರಂಕು, ಅದರೊಳಗೆ ಮಡಿಕೆಯುದ್ದಕ್ಕೂ ಸೀಳಿದ ಒಂದು ಸೀರೆ. ಮನೆಗೆ ಸುಣ್ಣ ಬಳಿಸುವಾಗಲೋ, ಅಣ್ಣತಮ್ಮಂದಿರು ಬೇರೆಯಾಗುವಾಗಲೋ, ಹಳೆಯ ಮನೆ ಕೆಡವಿ ಹೊಸದು ಕಟ್ಟಿಸುವಾಗಲೋ ಇವು ಕೆಳಗಿಳಿಯುತ್ತವೆ. ಇಳಿದ ಮೇಲೆ ಇವಕ್ಕೆ ಸಾಮಾನ್ಯವಾಗಿ ಒಂದೇ ದಾರಿ. ನಮ್ಮ ಶೆಟ್ಟಿಹಳ್ಳಿಯ ಬೀದಿಗಳಲ್ಲಿ ಗುಜರಿಯವನು ಈಗ ಬಾಯಿ ತೆರೆದು ಕೂಗುವುದೂ ಇಲ್ಲ. ಗಾಡಿಗೆ ಕಟ್ಟಿದ ಧ್ವನಿವರ್ಧಕವೇ ಅವನ ಪರವಾಗಿ ಕೂಗುತ್ತದೆ. ತಕ್ಕಡಿಗೆ ಬಿದ್ದ ಹಿತ್ತಾಳೆಯೂ ಕಬ್ಬಿಣವೂ ತೂಕಕ್ಕೆ ಸಂದುಹೋಗುತ್ತವೆ. ತೂಕಕ್ಕೆ ಸಿಕ್ಕದ ಒಂದು ಭಾಗವೂ ಅವುಗಳಲ್ಲಿತ್ತೆಂಬುದು ಎಷ್ಟೋ ವೇಳೆ ಗಾಡಿ ಬೀದಿಯ ತಿರುವು ದಾಟಿದ ಮೇಲೆ ಹೊಳೆಯುತ್ತದೆ.

ಇಂಥ ವಸ್ತುಗಳನ್ನು ಆಯ್ದು ಜೋಡಿಸಿ ಕಲಾಕೃತಿಯೊಂದನ್ನು ಮಾಡುವುದೂ, ಮಾಡುತ್ತ ಮಾಡುತ್ತ ತನ್ನ ಗತಜೀವನವನ್ನು ತಾನೇ ಅರಿಯುವುದೂ ಒಂದು ಕ್ರಮ. ಪಾಶ್ಚಾತ್ಯ ವಿಮರ್ಶಕರು ಇವಕ್ಕೆ ಇಟ್ಟ ಹೆಸರನ್ನು ಕನ್ನಡಿಸಿದರೆ ‘ಸಿಕ್ಕ ವಸ್ತು’ ಎಂದಾಗುತ್ತದೆ. ನಮ್ಮಂಥ ಪಂಡಿತರು ‘ಯದೃಚ್ಛಾಲಬ್ಧ’ ಎಂದಾರು. ಬಾಯಿ ತುಂಬೀತು, ಆದರೆ ಆ ಮಾತು ಅಟ್ಟ ಹತ್ತಲಾರದು. ಪಿಕಾಸೋ 1942ರಲ್ಲಿ ಹಳೆಯ ಸೈಕಲ್ಲಿನ ಸೀಟನ್ನೂ ಹ್ಯಾಂಡಲನ್ನೂ ಕೂಡಿಸಿ ಗೂಳಿಯ ತಲೆ ಮಾಡಿದ. ಅದು ಚಮತ್ಕಾರ, ಕಂಡು ನಕ್ಕು ಮೆಚ್ಚಬಹುದು. ನಾನು ಹೇಳಹೊರಟಿರುವುದು ಇನ್ನೊಂದು ಬಗೆ. ನ್ಯೂಯಾರ್ಕಿನ ಜೋಸೆಫ್ ಕಾರ್ನೆಲ್ (1903–1972) ಹಳೆಯ ಅಂಗಡಿಗಳಲ್ಲಿ ಸಿಕ್ಕ ಚಿತ್ರ, ಗಾಜು, ಗೋಲಿಗಳನ್ನು ಮರದ ಪೆಟ್ಟಿಗೆಗಳಲ್ಲಿ ಹೊಂದಿಸಿಡುತ್ತಿದ್ದ. ಹಾಸಿಗೆ, ಕುರ್ಚಿಗಳಲ್ಲೇ ಬಾಳು ಕಳೆದ ತಮ್ಮನೊಬ್ಬ ಅವನ ಆರೈಕೆಯಲ್ಲಿದ್ದ. ಆ ತಮ್ಮ 1965ರಲ್ಲಿ ತೀರಿಕೊಂಡ ಬಳಿಕ, ಅವನು ಬರೆದಿಟ್ಟಿದ್ದ ಚಿತ್ರಗಳನ್ನೇ ಸೇರಿಸಿ ಕಾರ್ನೆಲ್ ಹೊಸ ಕೃತಿಗಳನ್ನು ಮಾಡಿದ. ಇಲ್ಲಿ ಚಮತ್ಕಾರ ಹಿಂದೆ ಸರಿದು ಪ್ರೀತಿ ಮುಂದೆ ಬಂತು.

ಇದೇನೋ ಹೊರಗಿನಿಂದ ಬಂದ ಹೊಸ ಹುಚ್ಚು ಎನ್ನುವವರಿಗೆ ಶಾಕುಂತಲ ನಾಟಕವನ್ನು ನೆನಪು ಮಾಡಿಕೊಡಬೇಕು. ಅಲ್ಲಿಯ ಉಂಗುರ ಸಿಕ್ಕ ವಸ್ತುವಲ್ಲದೆ ಮತ್ತೇನು? ಬೆಸ್ತನಿಗೆ ಮೀನಿನ ಹೊಟ್ಟೆಯಲ್ಲಿ ದೊರೆತದ್ದು. ಅದನ್ನು ಕಂಡೊಡನೆ ದುಷ್ಯಂತನಿಗೆ ಮರೆತದ್ದೆಲ್ಲ ಮರಳಿತು. ಇಷ್ಟನ್ನು ಎಲ್ಲರೂ ಬಲ್ಲರು. ಕಾಳಿದಾಸ ಅಷ್ಟಕ್ಕೇ ನಿಲ್ಲಿಸಲಿಲ್ಲವೆಂಬುದು ಮುಖ್ಯ. ಆರನೆಯ ಅಂಕದಲ್ಲಿ ರಾಜ ಶಕುಂತಲೆಯ ಚಿತ್ರ ಬರೆದಿದ್ದಾನೆ. ಬರೆದದ್ದು ಸಾಲದೆಂದು ಇನ್ನೂ ಏನೇನು ಸೇರಬೇಕೆಂದು ಎಣಿಸುತ್ತಾನೆ. ಹಂಸಗಳಿರುವ ಮಾಲಿನೀ ನದಿ, ಹಿಮಾಲಯದ ತಪ್ಪಲು, ನಾರುಡೆ ಒಣಗಹಾಕಿದ ಮರ, ಅದರ ಕೆಳಗೆ ಗಂಡಿನ ಕೋಡಿಗೆ ಕಣ್ಣುಜ್ಜಿಕೊಳ್ಳುವ ಹೆಣ್ಣು ಜಿಂಕೆ, ಕಿವಿಯ ಮೇಲೆ ಶಿರೀಷದ ಹೂ. ಉಂಗುರ ನೆನಪನ್ನು ಎಬ್ಬಿಸಿತಷ್ಟೆ. ಕೈ ಕೆಲಸಕ್ಕೆ ತೊಡಗಿದ ಮೇಲೆಯೇ ಈ ವಿವರಗಳು ಒಂದೊಂದಾಗಿ ಬಂದವು. ಸಿಕ್ಕ ವಸ್ತುವಿನ ಕಲೆ ಕೆಲಸ ಮಾಡುವ ಬಗೆಯೂ ಇದೇ. ನಮ್ಮ ಆಲಂಕಾರಿಕರು, ಅವರಲ್ಲೂ ಅಭಿನವಗುಪ್ತ, ಹಿಂದಣ ಅನುಭವ ಮನಸ್ಸಿನ ಅಡಿಯಲ್ಲಿ ಬಿಟ್ಟುಹೋದ ಸಂಸ್ಕಾರವನ್ನು ‘ವಾಸನೆ’ ಎಂದು ಕರೆದರು. ಕನ್ನಡದ ಆಡುಮಾತಿನಲ್ಲಿ ವಾಸನೆ ಎಂದರೆ ಮೂಗಿಗೆ ತಾಕುವುದು. ತಾಯಿಯ ಟ್ರಂಕಿನ ಮುಚ್ಚಳ ಎತ್ತಿದವರಿಗೆ ಈ ಎರಡು ಅರ್ಥಗಳೂ ಬೇರೆ ಬೇರೆ ಎನಿಸುವುದಿಲ್ಲ.

ನಮ್ಮ ಸೀಮೆಯ ಹೆಣ್ಣುಮಕ್ಕಳಿಗೆ ಇದನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಒಡೆದ ಗಾಜಿನ ಬಳೆಚೂರುಗಳನ್ನು ಆಯ್ದು, ದೀಪದ ಕುಡಿಗೆ ಹಿಡಿದು, ಮೆತ್ತಗಾದೊಡನೆ ತುದಿ ಬಗ್ಗಿಸಿ, ಒಂದಕ್ಕೊಂದು ಕೊಂಡಿ ಹಾಕಿ ಸರ ಮಾಡುತ್ತಿದ್ದರು. ಹಸುರು ಚೂರು ಅಕ್ಕನ ಮದುವೆಯದು, ಕೆಂಪು ಜಾತ್ರೆಯದು ಎಂದು ಹೇಳುತ್ತಲೂ ಇದ್ದರು. ನವರಾತ್ರಿಯ ಬೊಂಬೆಗಳೂ ಅಷ್ಟೆ. ಪಟ್ಟದ ಬೊಂಬೆಗಳ ಸುತ್ತ ಸೇರುವ ಮೂಗು ಮುರಿದ ಶೆಟ್ಟಿಯೂ ಬಣ್ಣ ಹೋದ ಆನೆಯೂ ಯಾರು ಯಾವ ಊರಿನಿಂದ ತಂದದ್ದೆಂಬುದನ್ನು ಮನೆಯ ಹಿರಿಯಾಕೆ ಪ್ರತಿವರ್ಷವೂ ತಪ್ಪದೆ ಹೇಳುವುದುಂಟು. ಆಕೆ ಹೋದ ಮೇಲೆ ಬೊಂಬೆ ಉಳಿಯುತ್ತದೆ, ಹೇಳಿಕೆ ಉಳಿಯುವುದಿಲ್ಲ.

ಎಲ್ಲಕ್ಕಿಂತ ದೊಡ್ಡ ಉದಾಹರಣೆ ಕೌದಿ. ಹಳೆಯ ಸೀರೆ, ಧೋತರ, ಅಂಗಿ, ಮಕ್ಕಳ ಲಂಗಗಳನ್ನು ಪದರ ಪದರವಾಗಿ ಹಾಸಿ, ಮೇಲೆ ತುಂಡುಗಳನ್ನಿಟ್ಟು, ಸಣ್ಣ ಹೊಲಿಗೆಯಲ್ಲಿ ಸಾಲುಸಾಲಾಗಿ ಹೊಲಿಯುತ್ತಾರೆ. ಹಳೆಯ ಬಟ್ಟೆಯೇ ಆಗಬೇಕೆಂಬುದಕ್ಕೆ ಬಡತನವೊಂದೇ ಕಾರಣವಲ್ಲ. ಒಗೆದು ಒಗೆದು ಮೆದುವಾದ ನೂಲು ಸೂಜಿಗೆ ಸುಲಭ, ಮೈಗೂ ಹಿತ. ಬಂಗಾಳದ ಕಾಂಥಾದಲ್ಲಿ ಹೊಲಿಯುವ ದಾರವನ್ನು ಕೂಡ ಹಳೆಯ ಸೀರೆಯ ಅಂಚಿನಿಂದಲೇ ಎಳೆದುಕೊಳ್ಳುತ್ತಿದ್ದರು. ಕಂಥಾ ಎಂಬುದು ಸಂಸ್ಕೃತ ಪದ. ನಮ್ಮಲ್ಲಿ ಕಂಥೆ ಎಂದರೆ ಜೋಗಿಯ ತೇಪೆ ಹಾಕಿದ ಹೊದಿಕೆ. ಬೌದ್ಧ ಭಿಕ್ಷುಗಳ ‘ಪಾಂಸುಕೂಲ’ವೂ ಕಸದ ರಾಶಿಯಿಂದ ಆಯ್ದ ಬಟ್ಟೆಯೇ. ಆದರೆ ಭಿಕ್ಷು ಚಿಂದಿಯನ್ನು ಹೊಲಿದದ್ದು ಮೋಹವನ್ನು ಕಳೆದುಕೊಳ್ಳಲು. ಅಜ್ಜಿ ಹೊಲಿದದ್ದು ಮೋಹವನ್ನು ಉಳಿಸಿಕೊಳ್ಳಲು.

ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ತಾಲ್ಲೂಕುಗಳಲ್ಲಿ ಸಿದ್ದಿ ಜನರಿದ್ದಾರೆ. ಇವರ ಪೂರ್ವಿಕರು ಆಫ್ರಿಕದಿಂದ ಬಂದವರು. ಇವರ ಹೆಂಗಸರು ಹೊಲಿಯುವ ಕೌದಿಗೆ ‘ಕವಂದಿ’ ಎಂದು ಹೆಸರು. ಒಂದು ಮೂಲೆಯಿಂದ ಹೊರಟು ಅಂಚಿನ ಗುಂಟ ಸುತ್ತುತ್ತ ನಡುವಿನವರೆಗೆ ಹೊಲಿಯುತ್ತಾರೆ. ತುಂಡುಗಳು ಹೇಗೆ ಕೂಡಬೇಕೆಂಬುದಕ್ಕೆ ಮೊದಲೇ ಬರೆದ ನಕ್ಷೆಯಿಲ್ಲ. ಕೊನೆಗೆ ನಾಲ್ಕು ಮೂಲೆಗೂ ಮಡಿಸಿದ ತ್ರಿಕೋನದ ತುಂಡುಗಳನ್ನು ಕೂಡಿಸುತ್ತಾರೆ. ಇವು ‘ಫುಲಾ’, ಅಂದರೆ ಹೂ. ಇವಿಲ್ಲದ ಕವಂದಿ ಬತ್ತಲೆ ಎಂದೇ ಅವರ ಎಣಿಕೆ. 2004ರಲ್ಲಿ ಈ ಹೆಂಗಸರ ಸಹಕಾರ ಕೂಟವೊಂದು ಏರ್ಪಟ್ಟು ಕವಂದಿಗಳು ದೂರದೇಶದ ಪ್ರದರ್ಶನಗಳಿಗೂ ಹೋದವು. ಕೆಲಸಕ್ಕೆ ಕೂಲಿ ದೊರೆಯುವುದು ನ್ಯಾಯ; ಅದರಲ್ಲಿ ಎರಡು ಮಾತಿಲ್ಲ. ಆದರೆ ದರ್ಜಿಯ ಅಂಗಡಿಯ ಹೊಸ ಚೂರುಗಳಿಂದ ಮಾಡಿದ ಕೌದಿಯೂ ಮೊಮ್ಮಗನಿಗೆಂದು ಮನೆಯ ಬಟ್ಟೆಯಿಂದ ಹೊಲಿದ ಕೌದಿಯೂ ಒಂದೇ ಅಲ್ಲವೆಂದು ನಾನು ತಿಳಿದಿದ್ದೇನೆ. ಮೊದಲನೆಯದರಲ್ಲಿ ಕೌಶಲ ಪೂರ್ತಿಯಾಗಿದೆ. ಎರಡನೆಯದರಲ್ಲಿ ಕೌಶಲದ ಜೊತೆಗೆ ಒಂದು ಕುಟುಂಬವಿದೆ.

ಈ ಮಾತಿನ ಭಾರ ತಿಳಿಯಲು ಅಮೆರಿಕದ ಅಲಬಾಮಾದ ಗೀಸ್ ಬೆಂಡ್ ಎಂಬ ಹಳ್ಳಿಗೆ ಹೋಗಬೇಕು. ಗುಲಾಮರ ಸಂತತಿಯವರು ನೆಲೆಸಿದ ಊರು ಅದು. ಅಲ್ಲಿ ಮಿಸೌರಿ ಪೆಟ್‌ವೇ ಎಂಬಾಕೆ ಗಂಡನನ್ನು ಕಳೆದುಕೊಂಡಳು. ಅವನು ಹೊಲದ ಕೆಲಸಕ್ಕೆ ಹಾಕುತ್ತಿದ್ದ ಬಟ್ಟೆಗಳನ್ನು ಆಕೆ ಬಿಚ್ಚಿ, ಪಟ್ಟಿ ಪಟ್ಟಿಯಾಗಿ ಕತ್ತರಿಸಿ, 1942ರಲ್ಲಿ ಒಂದು ಹೊದಿಕೆ ಹೊಲಿದಳು. ಅವನನ್ನು ನೆನೆಯುವುದಕ್ಕೂ ಅವನ ಪ್ರೀತಿಯಲ್ಲಿ ಹೊದ್ದು ಮಲಗುವುದಕ್ಕೂ ಹಾಗೆ ಮಾಡಿದಳೆಂದು ಮಗಳು ಬಹುಕಾಲದ ಮೇಲೆ ನೆನೆದುಕೊಂಡಳು. ಹಲವು ಸಲ ಒಗೆದು ಮಾಸಿದ ನೀಲಿ, ಬೂದು ಬಣ್ಣಗಳ ಆ ಹೊದಿಕೆ ಇಂದು ವಾಷಿಂಗ್ಟನ್ನಿನ ರಾಷ್ಟ್ರೀಯ ಕಲಾಶಾಲೆಯಲ್ಲಿದೆ. ಆಕೆ ಕಲೆ ಮಾಡುತ್ತೇನೆಂದು ಕುಳಿತವಳಲ್ಲ. ಚಳಿಯಿತ್ತು, ದುಃಖವಿತ್ತು, ಬಟ್ಟೆಯಿತ್ತು.

ನಮ್ಮ ದೇಶದಲ್ಲಿಯೇ ಒಬ್ಬನು ಒಂದಿಡೀ ಊರನ್ನು ಹೀಗೆ ಕಟ್ಟಿದ. ನೇಕ್ ಚಂದ್ 1924ರಲ್ಲಿ ಹುಟ್ಟಿದ ಹಳ್ಳಿ 1947ರ ವಿಭಜನೆಯಲ್ಲಿ ಪಾಕಿಸ್ತಾನಕ್ಕೆ ಸೇರಿತು. ನಿರಾಶ್ರಿತನಾಗಿ ಬಂದವನು ಚಂಡೀಗಢದಲ್ಲಿ ರಸ್ತೆಗಳ ಮೇಲ್ವಿಚಾರಕನಾದ. ಹೊಸ ನಗರಕ್ಕಾಗಿ ಕೆಡವಿದ ಹಳ್ಳಿಗಳ ಅವಶೇಷವನ್ನೂ, ಒಡೆದ ಪಿಂಗಾಣಿ, ಬಳೆಚೂರುಗಳನ್ನೂ ಸೈಕಲ್ಲಿನ ಮೇಲೆ ಹೇರಿ ತಂದು, 1950ರ ದಶಕದ ಕೊನೆಯಿಂದ ಸರ್ಕಾರದ ಕಾಡಿನೊಳಗೆ ಗುಟ್ಟಾಗಿ ಬೊಂಬೆಗಳನ್ನು ನಿಲ್ಲಿಸುತ್ತ ಹೋದ. 1975ರಲ್ಲಿ ಗುಟ್ಟು ಹೊರಬಿತ್ತು. ಕಾಯಿದೆಯ ಪ್ರಕಾರ ಕೆಡವಬೇಕಾಗಿದ್ದುದನ್ನು ಕೆಡವದೆ 1976ರಲ್ಲಿ ಸಾರ್ವಜನಿಕರಿಗೆ ತೆರೆದರು. 2015ರಲ್ಲಿ ಆತ ತೀರಿಕೊಂಡ. ರಾಕ್ ಗಾರ್ಡನ್ ಇದೆ. ಮರಳಿ ಹೋಗಲಾಗದ ಊರಿನ ನೆನಪಿಗೆ ಆತ ಬಳಸಿದ್ದು ಬೇರೆಯವರ ಕೆಡವಿದ ಊರುಗಳ ಚೂರುಗಳನ್ನು ಎಂಬುದನ್ನು ಗಮನಿಸಿ.

ಈಗ ನಿಮ್ಮ ಮಾತಿಗೆ ಬರೋಣ. ನೀವೂ ಇಂಥದೊಂದನ್ನು ಮಾಡಹೊರಟರೆ ಮೊದಲು ಎದುರಾಗುವುದು ಕತ್ತರಿಯ ಪ್ರಶ್ನೆ. ತಾಯಿಯ ಒಂದೇ ಸೀರೆ ಉಳಿದಿದೆ, ಅದನ್ನು ಕತ್ತರಿಸಬಹುದೆ? ಕತ್ತರಿಸಿದರೆ ಸೀರೆ ಹೋಯಿತು. ಕತ್ತರಿಸದೆ ಟ್ರಂಕಿನಲ್ಲಿಟ್ಟರೆ ನುಸಿ ತಿಂದು ಮಡಿಕೆಯಲ್ಲೇ ಸೀಳುತ್ತದೆ. ಇದಕ್ಕೆ ಎಲ್ಲರಿಗೂ ಒಪ್ಪುವ ಉತ್ತರವಿಲ್ಲ. ಆದರೆ ಆ ಸೀರೆಯ ಮೇಲೆ ಅಕ್ಕತಂಗಿಯರಿಗೂ ಅಣ್ಣತಮ್ಮಂದಿರಿಗೂ ನಿಮ್ಮಷ್ಟೇ ಹಕ್ಕುಂಟು. ಅವರನ್ನು ಕೇಳದೆ ಕತ್ತರಿ ಹಿಡಿಯಬೇಡಿ. ಎಷ್ಟೋ ಮನೆಗಳಲ್ಲಿ ಆಸ್ತಿಗಿಂತ ಇಂಥ ಚಿಕ್ಕ ವಸ್ತುವಿಗೇ ಮಾತು ನಿಂತಿರುತ್ತದೆ.

ಎರಡನೆಯದು, ನೆನಪು ಸಿಹಿಯಾಗಿಯೇ ಇರುತ್ತದೆಂದು ಎಣಿಸಬೇಡಿ. ಗಂಡ ಸತ್ತ ದಿನದಿಂದ ಅಜ್ಜಿ ಮುಟ್ಟದ ಕುಂಕುಮದ ಭರಣಿ ಸಿಕ್ಕೀತು. ಬರಗಾಲದಲ್ಲಿ ಹೊಲ ಅಡವಿಟ್ಟ ಕಾಗದ ಸಿಕ್ಕೀತು. ಅವನ್ನು ಅಂದದ ಹಲಗೆಗೆ ಹೂವಿನ ಹಾಗೆ ಅಂಟಿಸುವುದು ತರವಲ್ಲ. ಭರಣಿಯನ್ನು ಮುಚ್ಚಿದಂತೆಯೇ ಇಡಿ. ಮುಚ್ಚಿದ್ದೇ ಅದರ ಕಥೆ.

ಮಾಡುವ ಬಗೆ ಸರಳ. ಅಟ್ಟವನ್ನೆಲ್ಲ ಇಳಿಸದೆ ಐದಾರು ವಸ್ತು ಆರಿಸಿ. ಹುಣಿಸೆಹಣ್ಣು ಹಾಕಿ ಉಜ್ಜಿ ಬೆಳಗಬೇಡಿ. ಕೈ ತಾಗಿ ತಾಗಿ ಸವೆದ ಗುರುತೇ ಅಲ್ಲಿ ಬೇಕಾದದ್ದು. ಹಳೆಯ ಕಿಟಕಿಯ ಚೌಕಟ್ಟನ್ನೋ ಟ್ರಂಕಿನ ಮುಚ್ಚಳವನ್ನೋ ನೆಲದ ಮೇಲಿಟ್ಟು, ವಸ್ತುಗಳನ್ನು ನಾಲ್ಕಾರು ದಿನ ಹಾಗೆ ಹೀಗೆ ಇಟ್ಟು ನೋಡಿ. ಈ ದಿನಗಳಲ್ಲಿಯೇ ನೆನಪು ಬರುವುದು. ಬಂದದ್ದನ್ನು ಒಂದು ಚೀಟಿಯಲ್ಲಿ ಬರೆದಿಡಿ. ಆ ವಸ್ತುವನ್ನು ಬಲ್ಲ ಹಿರಿಯರು ಮನೆಯಲ್ಲಿ ಇನ್ನೂ ಇದ್ದರೆ ಅದನ್ನು ಅವರ ಕೈಗೇ ಕೊಡಿ, ಪ್ರಶ್ನೆ ಆಮೇಲೆ ಕೇಳಿ. ಜೋಡಿಸುವುದಕ್ಕೆ ಅಂಟಿಗಿಂತ ದಾರ, ತಂತಿ ಮೇಲು, ಮುಂದೆ ಬಿಚ್ಚಬೇಕಾದರೆ ಬಿಚ್ಚಬಹುದು. ಚೀಟಿಗಳನ್ನು ಹಿಂಬದಿಗೆ ಸೇರಿಸಿ. ಕಬ್ಬಿಣಕ್ಕೆ ತುಸು ಎಣ್ಣೆ ಸವರಿ. ಬಟ್ಟೆಯಿದ್ದರೆ ಬಿಸಿಲು ಬೀಳದ ಗೋಡೆ ನೋಡಿ ತೂಗುಹಾಕಿ, ಮಳೆಗಾಲದಲ್ಲಿ ಹಿಂದೆ ಗಾಳಿಯಾಡುವಷ್ಟು ಸಂದು ಬಿಡಿ.