ಸಣ್ಣ ಘಟಕಗಳಿಗೆ ಸಂಬಳ ಲೆಕ್ಕದ ತಂತ್ರಾಂಶ: ಆರಿಸುವ ಬಗೆ

ಕಾರ್ತಿಕ ಮಾಸದ ಕೊನೆಯ ಸೋಮವಾರ ಬಸವನಗುಡಿಯಲ್ಲಿ ನಡೆಯುವ ಕಡಲೆಕಾಯಿ ಪರಿಷೆಗೆ ಸುತ್ತಲ ಜಿಲ್ಲೆಗಳ ರೈತರು ಕಾಯಿ ತರುವುದು ಹಳೆಯ ವಾಡಿಕೆ. ಈಗ ಕೆಲವು ರೈತರು ಕಾಯಿ ಮಾರುವುದಷ್ಟಕ್ಕೇ ನಿಲ್ಲದೆ, ಒಟ್ಟುಗೂಡಿ ಬೀಜ ಹುರಿದು, ಚಿಕ್ಕಿ ಮಾಡಿ, ಪೊಟ್ಟಣ ಕಟ್ಟಿ ಮಾರುವ ಘಟಕಗಳನ್ನೂ ನಡೆಸುತ್ತಾರೆ. ಗಾಂಧಿ ಬಜಾರ್, ಚಾಮರಾಜಪೇಟೆ, ಮಲ್ಲೇಶ್ವರದಂಥ ಕಡೆ ಮಳಿಗೆ ತೆರೆದರೆ ಕೆಲಸಗಾರರೂ ಹೆಚ್ಚುತ್ತಾರೆ. ಆಗ ಹಾಜರಿ ಪುಸ್ತಕವೊಂದರಿಂದಲೇ ಸಂಬಳದ ಲೆಕ್ಕ ಸಾಗುವುದಿಲ್ಲ.

ಯಾವಾಗ ಬೇಕು?

ಐದಾರು ಮಂದಿಯ ಘಟಕಕ್ಕೆ ಹಾಜರಿ ಪುಸ್ತಕ ಮತ್ತು ಕೂಲಿ ಪಟ್ಟಿ ಸಾಕು. ಕೆಲಸಗಾರರು 10 ಮಂದಿಯಾದಾಗ ನೌಕರರ ರಾಜ್ಯ ವಿಮೆ (ಇಎಸ್‌ಐ), 20 ಮಂದಿಯಾದಾಗ ಭವಿಷ್ಯ ನಿಧಿ (ಪಿಎಫ್) ಅನ್ವಯಿಸುತ್ತದೆ. ಗಣಕಯಂತ್ರದ ನೆರವು ಬೇಕಾಗುವುದು ಈ ಹಂತದಲ್ಲಿ.

ಲೆಕ್ಕ ಹೇಗೆ?

20ಕ್ಕೂ ಹೆಚ್ಚು ಮಂದಿಯಿರುವ ಘಟಕದಲ್ಲಿ ಒಬ್ಬರ ತಿಂಗಳ ಸಂಬಳ 18,000 ರೂ., ಅದರಲ್ಲಿ ಮೂಲ ವೇತನ ಮತ್ತು ತುಟ್ಟಿಭತ್ಯ 15,000 ರೂ. ಎಂದಿಟ್ಟುಕೊಳ್ಳೋಣ.

- ಭವಿಷ್ಯ ನಿಧಿ: 15,000 ರೂ. ಮೇಲೆ ಶೇ. 12ರಂತೆ ಕೆಲಸಗಾರರ ಪಾಲು 1,800 ರೂ. ಮಾಲೀಕರ ಪಾಲೂ 1,800 ರೂ.; ಇದರಲ್ಲಿ 1,250 ರೂ. ಪಿಂಚಣಿಗೆ, 550 ರೂ. ನಿಧಿಗೆ.
- ವಿಮೆ: 2019ರ ಜುಲೈನಿಂದ ಜಾರಿಯಾದ ದರದಂತೆ ಕೆಲಸಗಾರರಿಂದ ಶೇ. 0.75, ಅಂದರೆ 135 ರೂ.; ಮಾಲೀಕರಿಂದ ಶೇ. 3.25, ಅಂದರೆ 585 ರೂ.
- ವೃತ್ತಿ ತೆರಿಗೆ: ಸಂಬಳ 25,000 ರೂ.ಗಿಂತ ಕಡಿಮೆಯಾದ್ದರಿಂದ ಇಲ್ಲ.

ಕೈಗೆ ಸಿಗುವ ಸಂಬಳ 16,065 ರೂ. ಭವಿಷ್ಯ ನಿಧಿ ಮತ್ತು ವಿಮೆಯ ವಂತಿಗೆಯನ್ನು ಮುಂದಿನ ತಿಂಗಳ 15ನೇ ತಾರೀಖಿನೊಳಗೆ ಕಟ್ಟಬೇಕು. ತಡವಾದರೆ ವರ್ಷಕ್ಕೆ ಶೇ. 12ರ ಬಡ್ಡಿ ಬೀಳುತ್ತದೆ.

ಹಾಜರಿ ತಪ್ಪಿದರೆ ಏನಾಗುತ್ತದೆ?

ಹಣದ ಲೆಕ್ಕದಷ್ಟೇ ದಿನದ ಲೆಕ್ಕವೂ ಮುಖ್ಯ. ಕಾಯಿಲೆ ಬಿದ್ದ ಕೆಲಸಗಾರರಿಗೆ ವಿಮೆಯಿಂದ ಸರಾಸರಿ ಕೂಲಿಯ ಶೇ. 70ರಷ್ಟು ಪರಿಹಾರ ವರ್ಷಕ್ಕೆ 91 ದಿನಗಳವರೆಗೆ ಸಿಗುತ್ತದೆ. ಆದರೆ ಏಪ್ರಿಲ್–ಸೆಪ್ಟೆಂಬರ್ ಅವಧಿಯಲ್ಲಿ ಕನಿಷ್ಠ 78 ದಿನಗಳ ವಂತಿಗೆ ಸಂದಿದ್ದರೆ ಮಾತ್ರ ಮುಂದಿನ ಜನವರಿ–ಜೂನ್‌ನಲ್ಲಿ ಈ ಪರಿಹಾರ ದೊರೆಯುತ್ತದೆ. 79 ದಿನ ದುಡಿದ ಹೆಂಗಸಿನ ಹೆಸರಿನ ಮುಂದೆ 76 ಎಂದು ಬಿದ್ದರೆ, ಆಕೆ ಹಾಸಿಗೆ ಹಿಡಿದಾಗ ಮನೆಗೆ ಬರಬೇಕಾದ ಹಣ ತಪ್ಪಿಹೋಗುತ್ತದೆ. ಆದ್ದರಿಂದ ದಿನಗೂಲಿಯವರ ಹಾಜರಿಯನ್ನು ದಿನವಾರು ಬರೆದುಕೊಳ್ಳುವ ತಂತ್ರಾಂಶವನ್ನೇ ಆರಿಸಬೇಕು.

ಕೊಳ್ಳುವ ಮುನ್ನ ಪರೀಕ್ಷೆ

ಬಿತ್ತನೆಗೆ ಮುನ್ನ ನೂರು ಕಾಳು ನೆನೆಹಾಕಿ ಮೊಳಕೆ ಎಣಿಸುವಂತೆ, ತಂತ್ರಾಂಶವನ್ನೂ ಪರೀಕ್ಷಿಸಿ ನೋಡಬೇಕು. ಮಾರುವವರ ಮುಂದೆಯೇ ಈ ನಾಲ್ಕು ಲೆಕ್ಕ ಮಾಡಿಸಿ:

1. ಜೂನ್‌ನಲ್ಲಿ ಸಂಬಳ 20,000 ರೂ.ಗಳಿಂದ 22,000 ರೂ.ಗೆ ಏರಿದವರು. ವಿಮೆಯ ಮಿತಿ 2017ರ ಜನವರಿಯಲ್ಲಿ 21,000 ರೂ. ಆಯಿತು. ಅವಧಿಯ ನಡುವೆ ಈ ಮಿತಿ ದಾಟಿದರೂ ಸೆಪ್ಟೆಂಬರ್ ಕೊನೆಯವರೆಗೆ ವಂತಿಗೆ ಹಿಡಿಯಬೇಕು.
2. 26,000 ರೂ. ಸಂಬಳದವರ ಫೆಬ್ರವರಿ ಲೆಕ್ಕ. ವೃತ್ತಿ ತೆರಿಗೆ ಉಳಿದ ತಿಂಗಳಲ್ಲಿ 200 ರೂ.; 2025ರ ತಿದ್ದುಪಡಿಯಂತೆ ಫೆಬ್ರವರಿಯಲ್ಲಿ 300 ರೂ.
3. ಭತ್ಯಗಳೇ ಸಂಬಳದ ಅರ್ಧಕ್ಕಿಂತ ಹೆಚ್ಚಿರುವವರು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಂತೆ, ಮನೆ ಬಾಡಿಗೆಯಂಥ ಭತ್ಯಗಳಲ್ಲಿ ಅರ್ಧಕ್ಕೆ ಮೀರಿದ ಭಾಗವನ್ನೂ ವೇತನವೆಂದೇ ಎಣಿಸಬೇಕು.
4. ಪರಿಷೆಯ ಹಂಗಾಮಿಗೆ ತಿಂಗಳ ನಡುವೆ ಸೇರಿ, ನಡುವೆಯೇ ಬಿಟ್ಟವರು.

ಇನ್ನೂ ಗಮನಿಸಬೇಕಾದ ಅಂಶಗಳು

- ಸಂಬಳದ ಚೀಟಿ ಕನ್ನಡದಲ್ಲಿ ಬರಬೇಕು. ಕೆಲಸಗಾರರು ಓದಿ ನೋಡಿದರೆ ತಪ್ಪು ಆ ತಿಂಗಳೇ ಸಿಕ್ಕಿಬೀಳುತ್ತದೆ.
- ದರ ಬದಲಾದಾಗ ತಂತ್ರಾಂಶವನ್ನು ಯಾರು ತಿದ್ದುತ್ತಾರೆ, ಅದಕ್ಕೆ ಬೇರೆ ಹಣವೇ ಎಂಬುದನ್ನು ಬರಹದಲ್ಲಿ ಪಡೆಯಬೇಕು.
- ಬೆಲೆ ತಲೆಗೆ ಇಷ್ಟು ಎಂದಿದ್ದರೆ, ಹಂಗಾಮಿನ ಆಳುಗಳನ್ನೂ ಸೇರಿಸಿ ವರ್ಷದ ವೆಚ್ಚ ಲೆಕ್ಕ ಹಾಕಬೇಕು.
- ಬೇರೆ ತಂತ್ರಾಂಶಕ್ಕೆ ಹೋಗುವಾಗ ಹಳೆಯ ದಾಖಲೆಗಳೆಲ್ಲ ಕೈಗೆ ಸಿಗುವಂತಿರಬೇಕು.
- ಘಟಕದ ಖಾತೆಗಳು ಈಗಾಗಲೇ ಟ್ಯಾಲಿಯಲ್ಲಿದ್ದರೆ, ಅದರಲ್ಲಿರುವ ಸಂಬಳದ ವಿಭಾಗವನ್ನು ಮೊದಲು ಪರಿಶೀಲಿಸುವುದು ಮಿತವ್ಯಯ.

ಕೊಂಡ ಮೇಲೂ ಎರಡು ತಿಂಗಳು ಹಳೆಯ ಪುಸ್ತಕ ಮತ್ತು ತಂತ್ರಾಂಶ ಎರಡರಲ್ಲೂ ಲೆಕ್ಕ ಬರೆದು ತಾಳೆ ನೋಡಬೇಕು. ಒಂದು ರೂಪಾಯಿ ವ್ಯತ್ಯಾಸ ಬಂದರೂ ಕಾರಣ ತಿಳಿಯುವವರೆಗೆ ಹಳೆಯ ಪುಸ್ತಕವನ್ನು ಮುಚ್ಚಬಾರದು. ದರಗಳು ಕಾಲಕಾಲಕ್ಕೆ ಬದಲಾಗುವುದರಿಂದ ಪ್ರತಿ ಏಪ್ರಿಲ್‌ನಲ್ಲಿ ಹೊಸ ಅಧಿಸೂಚನೆಗಳನ್ನು ನೋಡಿ, ಮೇಲಿನ ನಾಲ್ಕು ಲೆಕ್ಕಗಳನ್ನು ಮತ್ತೊಮ್ಮೆ ಮಾಡಿಸುವುದು ಒಳ್ಳೆಯದು.