ಕೆಳದಿಯ ಬಸವರಾಜನೂ ಇತಿಹಾಸವೂ

ಯರಗಟ್ಟಿಯ ಕಡೆಯಲ್ಲಿ ಚೆನ್ನಮ್ಮನೆಂದರೆ ಕಿತ್ತೂರಿನ ರಾಣಿಯೇ. ಬೇರೊಬ್ಬಳ ನೆನಪು ಥಟ್ಟನೆ ಬರುವದಿಲ್ಲ. ಆದರೆ ಆಕೆಗಿಂತ ಒಂದೂವರೆ ಶತಮಾನದಷ್ಟು ಹಿಂದೆ, 1672ರಿಂದ 1697ರ ವರೆಗೆ, ಮಲೆನಾಡಿನ ಕೆಳದಿಯನ್ನಾಳಿದ ಚೆನ್ನಮ್ಮಾಜಿಯೂ ಪತಿಯನ್ನು ಕಳೆದುಕೊಂಡು, ದತ್ತಕಪುತ್ರನನ್ನು ಸ್ವೀಕರಿಸಿ ರಾಜ್ಯವನ್ನು ಉಳಿಸಿಕೊಂಡವಳು. ಆ ದತ್ತಕಪುತ್ರನೇ ಬಸವರಾಜ. ಅರಸನಾದ ಮೇಲೆ 1709ರಲ್ಲಿ ಅವನು ‘ಶಿವತತ್ತ್ವರತ್ನಾಕರ’ವೆಂಬ ಸಂಸ್ಕೃತ ಮಹಾಗ್ರಂಥವನ್ನು ಮುಗಿಸಿದನು.

ಹೆಸರು ಶಿವತತ್ತ್ವದ್ದು, ಒಳಗಿರುವದೋ ಲೋಕವೆಲ್ಲ. ಒಂಬತ್ತು ಕಲ್ಲೋಲ, 108 ತರಂಗಗಳಲ್ಲಿ ಸೃಷ್ಟಿ, ಭೂಗೋಲ, ರಾಜನೀತಿ, ವಾಸ್ತು, ಸಂಗೀತ, ಕಡೆಗೆ ಅಡಿಗೆಯ ಶಾಸ್ತ್ರವೂ ಉಂಟು. ಮಗ ಸೋಮಶೇಖರನು ಕೇಳುವನು, ತಂದೆ ಹೇಳುವನು. ಇವುಗಳ ನಡುವೆಯೇ ವಿಜಯನಗರದ ಉದಯವೂ, ಚೌಡಪ್ಪನಿಂದ ಮೊದಲಾದ ಕೆಳದಿಯ ಅರಸರ ವೃತ್ತಾಂತವೂ ಬರುವವು.

ತತ್ತ್ವಗ್ರಂಥದಲ್ಲಿ ವಂಶಚರಿತ್ರೆಗೇನು ಕೆಲಸ? ಆಸ್ಥಾನದ ಆತ್ಮಸ್ತುತಿಯೆಂದು ತಳ್ಳಿಹಾಕುವದು ಸುಲಭ. ನಮಗೆ ಹಾಗೆ ತೋರುವದಿಲ್ಲ. ಕೆಳದಿಯ ಅರಸರು ವೀರಶೈವರು. ಅವರ ಶಕ್ತಿವಿಶಿಷ್ಟಾದ್ವೈತಕ್ಕೆ ಜಗತ್ತು ಭ್ರಮೆಯಲ್ಲ, ಶಿವಶಕ್ತಿಯ ಪರಿಣಾಮ. ಜಗತ್ತು ಸತ್ಯವಾದರೆ ಅದರಲ್ಲಿ ನಡೆದುಹೋದದ್ದು ಮಾತ್ರ ಹೇಗೆ ಮಿಥ್ಯೆಯಾದೀತು? ಕೋಟೆ ಕಟ್ಟಿದ್ದು, ಕಂದಾಯ ಗೊತ್ತುಮಾಡಿದ್ದು ಇವೂ ತತ್ತ್ವದ ವ್ಯಾಪ್ತಿಯೊಳಗಿನ ಸಂಗತಿಗಳೇ. ಇಟಲಿಯ ನೇಪಲ್ಸಿನಲ್ಲಿ ವೀಕೋ ಎಂಬ ಪಂಡಿತನು, ಮನುಷ್ಯನು ತಾನು ನಿರ್ಮಿಸಿದ್ದನ್ನೇ ಚೆನ್ನಾಗಿ ಅರಿಯಬಲ್ಲನೆಂದು ವಾದಿಸಿ ಇತಿಹಾಸಕ್ಕೆ ಶಾಸ್ತ್ರದ ಪದವಿಯನ್ನು ಕೊಟ್ಟ ಗ್ರಂಥವು ಹೊರಬಿದ್ದದ್ದು 1725ರಲ್ಲಿ. ಇಬ್ಬರ ದಾರಿಯೂ ಬೇರೆ; ಕಾಲ ಮಾತ್ರ ಹೆಚ್ಚುಕಡಿಮೆ ಒಂದೇ.

ಹಾಗೆಂದು ಬಸವರಾಜನು ಹೇಳಿದ್ದೆಲ್ಲವೂ ಪ್ರಮಾಣವಲ್ಲ. ಹುತ್ತದ ಮೇಲೆ ಹಸು ಹಾಲು ಸುರಿಸಿತು, ಅಲ್ಲಿ ಲಿಂಗ ದೊರೆಯಿತು ಎಂಬ ಕೆಳದಿಯ ಮೂಲಕಥೆಯನ್ನು ಇತಿಹಾಸಕಾರನು ಕಥೆಯೆಂದೇ ಓದತಕ್ಕದ್ದು. ಆದರೂ ಎಸ್. ಕೃಷ್ಣಸ್ವಾಮಿ ಅಯ್ಯಂಗಾರರು 1919ರಲ್ಲಿ ವಿಜಯನಗರದ ಚರಿತ್ರೆಗೆ ಆಧಾರಗಳನ್ನು ಸಂಗ್ರಹಿಸಿದಾಗ ಈ ಗ್ರಂಥವನ್ನು ಬಿಡಲಿಲ್ಲ.

ನಮ್ಮನ್ನು ಹೆಚ್ಚಾಗಿ ತಡೆದು ನಿಲ್ಲಿಸುವದು ಇನ್ನೊಂದು ಸಂಗತಿ. ಬರೆದವನು ದತ್ತಕಪುತ್ರನು. ಚೌಡಪ್ಪನ ವಂಶವು ಅವನಿಗೆ ಬಂದದ್ದು ಜನ್ಮದಿಂದಲ್ಲ, ಸ್ವೀಕಾರದಿಂದ. ಅವನ ಮಗನಿಗಿದ್ದದ್ದು ಚೆನ್ನಮ್ಮಾಜಿಯ ಪತಿಯ ಹೆಸರೇ. ಆ ಮಗನಿಗೆ ಹಿರಿಯರ ವೃತ್ತಾಂತವನ್ನು ಹೇಳುತ್ತ ಹೇಳುತ್ತ ತಂದೆಯೂ ಆ ವಂಶವನ್ನು ತನ್ನದಾಗಿಸಿಕೊಂಡನೆಂದು ನಮ್ಮ ಊಹೆ.

ಕಿತ್ತೂರಿನಲ್ಲಿಯೂ 1824ರಲ್ಲಿ ಎದ್ದದ್ದು ದತ್ತಕದ ಪ್ರಶ್ನೆಯೇ. ಅಲ್ಲಿ ಧಾರವಾಡದ ಕಲೆಕ್ಟರ ಥ್ಯಾಕರೆಯು ನೋಡಿದ್ದು ದತ್ತಕಪತ್ರವನ್ನು ಮಾತ್ರ. ಅದು ನಿಜವೇ ಎಂದು ಸಂಶಯಪಟ್ಟನು. ಸಂಸ್ಥಾನದ ಹಿಂದಿನ ತಲೆಮಾರುಗಳ ಕಥೆಯನ್ನು ಅವನು ಲೆಕ್ಕಕ್ಕೆ ಹಿಡಿಯಲಿಲ್ಲ. ಅಕ್ಟೋಬರ 23ರಂದು ಕಿತ್ತೂರಿನ ಕೋಟೆಯ ಮುಂದೆ ಅವನು ಮಡಿದನು.