ಏಳೆಕರೆ ಕಾಡು, ಒಂದು ಗಂಟೆಯ ಮೌನ

ಎರ್ನಾಕುಳಂ ಪೇಟೆಯ ನಟ್ಟನಡುವೆ, ಕೇರಳ ಹೈಕೋರ್ಟಿನ ಹಿಂದುಗಡೆ, ಮಂಗಳವನ ಎಂಬ ಕಾಂಡ್ಲಕಾಡು ಉಂಟು. ವಿಸ್ತೀರ್ಣ 2.74 ಹೆಕ್ಟೇರು; ಏಳೆಕರೆಗೂ ತುಸು ಕಡಿಮೆ, ನಮ್ಮ ಕಡೆಯ ಒಂದು ಅಡಿಕೆ ತೋಟದಷ್ಟು. ಹಿನ್ನೀರಿನಿಂದ ಕಾಲುವೆಯೊಂದು ಬಂದು ಇಲ್ಲಿನ ಕೆರೆಯನ್ನು ಸೇರುವುದರಿಂದ, ಸಮುದ್ರದ ಉಬ್ಬರವಿಳಿತಕ್ಕೆ ತಕ್ಕಂತೆ ಕೆರೆಯ ನೀರೂ ಏರಿ ಇಳಿಯುತ್ತದೆ. 2004ರಲ್ಲಿ ಇದನ್ನು ಪಕ್ಷಿಧಾಮವೆಂದು ಘೋಷಿಸಲಾಯಿತು. ಕಕ್ಷಿದಾರರು ವಾಯಿದೆಗೆ ಅಲೆದು ಬಸವಳಿಯುವ ಕಟ್ಟಡದ ಬೆನ್ನಿಗೇ ರಾತ್ರಿ ಬಕಗಳು ಹಗಲೆಲ್ಲ ನಿಶ್ಚಿಂತೆಯಿಂದ ನಿದ್ರಿಸುತ್ತವೆ.

ಇಂಥ ಜಾಗಕ್ಕೆ ಹೋಗಿ "ಏನೂ ಕಾಣಲಿಲ್ಲ" ಎಂದು ಮರಳುವವರೇ ಹೆಚ್ಚು. ಬಲ್ಲವರೊಬ್ಬರು ಜತೆಗಿದ್ದರೆ ಮಾತು ಬೇರೆ. ಅವರು ಮೊದಲು ಮಾಡಿಸುವ ಕೆಲಸ ನಡಿಗೆಯಲ್ಲ, ನಿಲ್ಲುವುದು. ಒಂದೇ ಮರದ ಕೆಳಗೆ ಹತ್ತು ನಿಮಿಷ ಬಾಯಿ ಮುಚ್ಚಿ ನಿಂತರೆ, ಕೊಂಬೆಯ ಗಂಟು ಎಂದುಕೊಂಡದ್ದು ಕತ್ತು ಹೊರಳಿಸಿ ಕೆಂಪು ಕಣ್ಣು ಬಿಡುತ್ತದೆ. ಪಕ್ಕದಲ್ಲಿ ಕಂದು ಮೈ, ಬಿಳಿ ಚುಕ್ಕೆಯ ಇನ್ನೊಂದು ಹಕ್ಕಿ. ಅದು ಬೇರೆ ಜಾತಿಯದೆಂದು ಹೊಸಬರು ವಾದಕ್ಕಿಳಿಯುವುದುಂಟು. ಅದು ರಾತ್ರಿ ಬಕದ್ದೇ ಮರಿ. ಈ ವ್ಯಾಜ್ಯ ತೀರುವಷ್ಟರಲ್ಲಿ ಬ್ಯಾಂಕಿನ ಸಾಲವೂ ಆಫೀಸಿನ ಜಗಳವೂ ಮರೆತುಹೋಗಿರುತ್ತವೆ.

ಇದು ಬರೇ ಕವಿಕಲ್ಪನೆಯಲ್ಲ. ಲಂಡನ್ನಿನ ಕಿಂಗ್ಸ್ ಕಾಲೇಜಿನ ಸಂಶೋಧಕರು 2018ರಿಂದ 2021ರ ತನಕ 1,292 ಮಂದಿಯನ್ನು ಅವರ ಮೊಬೈಲ್ ಫೋನಿನ ಮೂಲಕ ದಿನಕ್ಕೆ ಮೂರು ಬಾರಿಯಂತೆ ಹದಿನಾಲ್ಕು ದಿನ ವಿಚಾರಿಸಿದರು: ಈಗ ಹಕ್ಕಿ ಕಂಡಿತೇ, ಕೂಗು ಕೇಳಿತೇ, ಮನಸ್ಸು ಹೇಗಿದೆ? 2022ರಲ್ಲಿ ಫಲಿತಾಂಶ ಪ್ರಕಟವಾಯಿತು. ಹಕ್ಕಿಯನ್ನು ಕಂಡಾಗ ಅಥವಾ ಕೇಳಿದಾಗ ಮನಸ್ಸು ಹಗುರಾಗಿತ್ತು. ಆ ಹಗುರು ಎಂಟು ಗಂಟೆಯ ತನಕವೂ ಉಳಿಯಬಲ್ಲುದು. ಖಿನ್ನತೆಯಿಂದ ಬಳಲುವವರಲ್ಲೂ ಇದೇ ಗುಣ ಕಂಡುಬಂತು. ಹಾಗೆಂದು ವೈದ್ಯರು ಕೊಟ್ಟ ಮಾತ್ರೆ ಬಿಟ್ಟು ದುರ್ಬೀನು ಹಿಡಿಯಬೇಕೆಂದಲ್ಲ. ನಮ್ಮ ಅಂಗಳದ ಕಾಗೆಗೂ ಈ ಮಾತು ಸಲ್ಲುತ್ತದೆಯೇ ಎಂಬುದನ್ನು ಲಂಡನ್ನಿನವರು ಹೇಳಿಲ್ಲ!

ಗಡಿನಾಡಿನ ನಮಗೆ ಹಕ್ಕಿಯ ನಡಿಗೆಯಲ್ಲಿ ಇನ್ನೊಂದು ಸುಖವೂ ಉಂಟು. ನಮ್ಮ ನೀರುಕಾಗೆ ಮಲಯಾಳಿಗಳಿಗೆ ನೀರ್‌ಕಾಕ್ಕ. ನಮ್ಮ ಕೆಂಬೂತವೇ ಅವರ ಚೆಂಬೋತ್ತ್. ಕಿವಿ ಚೆವಿಯಾದ ಹಾಗೆ. ರಾತ್ರಿ ಬಕಕ್ಕೆ ಅವರು ಇಟ್ಟ ಹೆಸರು ಪಾದಿರಾಕೊಕ್ಕ್, ಎಂದರೆ ನಡುರಾತ್ರಿಯ ಕೊಕ್ಕರೆ. ಇಂದುಚೂಡನ್ ಎಂಬ ಕಾವ್ಯನಾಮದ ಕೆ. ಕೆ. ನೀಲಕಂಠನ್ 1958ರಲ್ಲಿ ಕೇರಳದ ಪಕ್ಷಿಗಳ ಬಗ್ಗೆ ಮಲಯಾಳದಲ್ಲಿ ದೊಡ್ಡ ಪುಸ್ತಕವನ್ನೇ ಬರೆದರು. ಕನ್ನಡದಲ್ಲಿ ಪೂರ್ಣಚಂದ್ರ ತೇಜಸ್ವಿಯವರ ಪುಸ್ತಕಗಳಿವೆ. ಆದರೂ ನಮ್ಮ ಮಕ್ಕಳ ಬಾಯಲ್ಲಿ ಮಿಂಚುಳ್ಳಿ ಕಿಂಗ್‌ಫಿಷರ್ ಆಗಿದೆ. ಮಡಿವಾಳ ಹಕ್ಕಿಗಂತೂ ಹೆಸರೇ ಇಲ್ಲ.

ಹಕ್ಕಿ ನೋಡಲು ನಾವು ಎರ್ನಾಕುಳಂ ರೈಲು ಹತ್ತಬೇಕಾಗಿಲ್ಲ. 2023ರಲ್ಲಿ ಕಾಸರಗೋಡು ತನ್ನದೇ ಜಿಲ್ಲಾ ಪಕ್ಷಿಯನ್ನು ಘೋಷಿಸಿಕೊಂಡಿತು. ಬಿಳಿಹೊಟ್ಟೆಯ ಕಡಲ ಹದ್ದಿಗೆ ಆ ಮಾನ ಸಂದಿದೆ. ಕುಂಬಳೆ ಸಮೀಪದ ಕಿದೂರಿಗೆ ದೂರದೂರದ ಪಕ್ಷಿವೀಕ್ಷಕರು ಬರುತ್ತಾರೆ. ಪೇಟೆಯ ಮಗ್ಗುಲಲ್ಲೇ ಚಂದ್ರಗಿರಿ ಹೊಳೆಯ ಅಳಿವೆ ಇದೆ, ಕಾಂಡ್ಲವೂ ಇದೆ. ಆದರೆ ಕಾಂಡ್ಲವೆಂದರೆ ಕೆಸರು, ಕಸ ಎಸೆಯುವ ಜಾಗ ಎಂಬ ಭಾವನೆ ಹಲವರಲ್ಲಿ ಹೋಗಿಲ್ಲ. ಮಣ್ಣು ತುಂಬಿದ ಮೇಲೆ ಅಲ್ಲಿ ನಿಂತು ಕಿವಿಗೊಟ್ಟು ಫಲವಿಲ್ಲ.

ತಿಂಗಳಿಗೊಂದು ಭಾನುವಾರ, ಬೆಳಿಗ್ಗೆ ಆರೂವರೆಗೆ, ಒಬ್ಬ ಶಾಲಾ ಮಾಸ್ತರರು ಹತ್ತು ಮಕ್ಕಳನ್ನು ಅತ್ತ ಕರೆದೊಯ್ದರೆ ಸಾಕು. ಗೂಡಿನ ಹತ್ತಿರ ಹೋಗಬಾರದು, ಫೋನಿನಲ್ಲಿ ಕೂಗು ಹಾಕಿ ಹಕ್ಕಿಯನ್ನು ಕರೆಯಬಾರದು. ಬೇರೆ ನಿಯಮ ಬೇಕಿಲ್ಲ. ಜತೆಗೆ ಊರಿನ ಹಿರಿಯರೊಬ್ಬರಿದ್ದರೆ ಇನ್ನೂ ಉತ್ತಮ. ಹೆಸರುಗಳು ಅವರ ಹತ್ತಿರ ಉಂಟು, ಕೇಳುವವರು ಬೇಕಷ್ಟೆ. ವಲಸೆಯ ಹಕ್ಕಿಗಳು ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಇಳಿಯತೊಡಗುತ್ತವೆ.